64 ಜನ, 66 ಓಟು

ಫ್ರೀ ಮನೆ ಕೊಡ್ತೀನಿ, ಮೇಲೆ ತಿಂಗಳು ತಿಂಗಳು ಕೈಗೆ ಕಾಸೂ ಕೊಡ್ತೀನಿ, ಬಂದು ಸೇರ್ಕೊಳ್ಳಿ ಅಂತ ಅಮೆರಿಕದ ಇಂಡಿಯಾನಾ ಕಡೆಯ ಒಬ್ಬ ಪುಣ್ಯಾತ್ಮ 2025ರಲ್ಲಿ ಟೆಕ್ಸಾಸಿನ ಲವಿಂಗ್ ಕೌಂಟಿಗೆ ಜನ ತುಂಬಿಸಿ ಅವರ ಓಟಲ್ಲಿ ಕೌಂಟಿ ಹಿಡಿಯೋಕೆ ಹೊರಟಿದ್ದು, ಕೊನೆಗೆ ಟೆಕ್ಸಾಸ್ ಸರ್ಕಾರದ ಮುಖ್ಯ ವಕೀಲ, ಅಟಾರ್ನಿ ಜನರಲ್ಲೇ ಕೇಸು ಜಡಿದಿದ್ದು ಎಲ್ಲಾ ನೀವು ಓದಿರ್ತೀರ. ನನಗಂತೂ ಓದಿದ ತಕ್ಷಣ ಬಂದಿದ್ದು ಗೌರವ. ನಮ್ಮ ಕಡೆ ಎಲೆಕ್ಷನ್ ಬಂದ್ರೆ ಕುಕ್ಕರ್ ಹಂಚ್ತಾರೆ, ಸೀರೆ ಹಂಚ್ತಾರೆ, ಧರ್ಮಸ್ಥಳಕ್ಕೆ ಬಸ್ ಮಾಡಿ ಕಳಿಸ್ತಾರೆ. ಅಂದ್ರೆ ಓಟರ್ ಅನ್ನೋನು ಆಗ್ಲೇ ಅಲ್ಲಿ ಇರ್ತಾನೆ, ಅವನನ್ನ ಒಲಿಸ್ಕೊಂಡ್ರೆ ಆಯ್ತು. ಲವಿಂಗ್ ಕೌಂಟಿಲಿ ಮೊದಲು ಓಟರನ್ನೇ ಹೊರಗಿಂದ ತರಿಸ್ಕೋಬೇಕು.

ಕೌಂಟಿ ಅಂದ ತಕ್ಷಣ ನಮ್ಮ ಬೆಂಗಳೂರಿನವರ ತಲೇಲಿ ಬರೋದು ಸರ್ಜಾಪುರ ರೋಡಿನ ಅಪಾರ್ಟ್ಮೆಂಟು, ಗೇಟಿನ ಮುಂದೆ ಕಾರಂಜಿ, ಒಳಗೆ ಟ್ಯಾಂಕರ್ ನೀರು. ಅದಲ್ಲ. ಟೆಕ್ಸಾಸಲ್ಲಿ 254 ಕೌಂಟಿ ಇದೆ, ನಮ್ಮ ಜಿಲ್ಲೆ ತಾಲೂಕು ಎರಡೂ ಕಲಸಿಟ್ಟ ಹಾಗೆ ಒಂದು ಆಡಳಿತ. ಅದರಲ್ಲಿ ಈ ಲವಿಂಗ್ ಅನ್ನೋದು ಪಶ್ಚಿಮದ ತುದೀಲಿ, ನ್ಯೂ ಮೆಕ್ಸಿಕೋ ಗಡಿಗೆ ಅಂಟ್ಕೊಂಡು ಕೂತಿದೆ. ಸುಮಾರು 1,750 ಚದರ ಕಿಲೋಮೀಟರ್ ಜಾಗ, ಎರಡು ಹಳೇ ಬಿಬಿಎಂಪಿ ತಂದಿಟ್ರೂ ಇನ್ನೂ ಸೈಟ್ ಮಾಡೋಕೆ ಮಿಗುತ್ತೆ. ಜನ ಎಷ್ಟು? 2020ರ ಗಣತೀಲಿ 64. ಸಾವಿರ ಬಿಟ್ಟು ಹೋಗಿಲ್ಲ ಕಣ್ರೀ, ಬರೀ ಅರವತ್ನಾಲ್ಕು. ನಮ್ಮ ಅಪಾರ್ಟ್ಮೆಂಟಿನ ಬಿ ಬ್ಲಾಕಲ್ಲಿ ಇದಕ್ಕಿಂತ ಜಾಸ್ತಿ ಜನ ಇದೀವಿ, ನಮಗೆ ಒಂದು ಲಿಫ್ಟ್ ರಿಪೇರಿ ಮಾಡ್ಸೋಕೆ ಆಗಿಲ್ಲ.

ಆದ್ರೆ ಅಲ್ಲಿ ನೋಡಿ, ಏನು ಕಡಿಮೆ ಇದೆ! ಒಬ್ಬ ಕೌಂಟಿ ಜಡ್ಜ್, ನಾಲ್ಕು ಜನ ಕಮಿಷನರ್, ಒಬ್ಬ ಶೆರಿಫ್, ಕ್ಲರ್ಕು, ಖಜಾಂಚಿ, ಅಟಾರ್ನಿ, ಚಿಕ್ಕಪುಟ್ಟ ಕೇಸು ನೋಡೋ ಜಸ್ಟೀಸ್ ಆಫ್ ದ ಪೀಸ್, ಎಲ್ಲಾ ಎಲೆಕ್ಷನ್ನಲ್ಲಿ ಗೆದ್ದು ಬಂದವರೇ. ಹದಿನಾರು ಜನಕ್ಕೊಬ್ಬ ಕಮಿಷನರ್ ಅಂತಾಯ್ತು, ನಮ್ಮಲ್ಲಿ ಪಾಪ ಗ್ರಾಮ ಪಂಚಾಯ್ತಿ ಮೆಂಬರ್ ಒಬ್ಬನೇ ನಾನೂರು ಜನರ ಚರಂಡಿ ನೋಡ್ಕೋಬೇಕು. ಕೌಂಟಿ ಜಡ್ಜ್ ಅಂದ್ರೆ ಕೌಂಟಿ ಆಡಳಿತದ ಮುಖ್ಯಸ್ಥ, ಲಾ ಓದಿರ್ಬೇಕು ಅಂತೇನಿಲ್ಲ. ಇವರೆಲ್ಲ ಕೂರೋ ಸಭೆಗೆ ಕಮಿಷನರ್ಸ್ ಕೋರ್ಟ್ ಅಂತ ಹೆಸರು, ಅದು ಕೋರ್ಟೂ ಅಲ್ಲ. ಚಿಕ್ಕ ಕೌಂಟಿ ಆದ್ರೆ ಶೆರಿಫ್ಫೇ ತೆರಿಗೆ ವಸೂಲಿ ಮಾಡ್ಬೇಕು ಅಂತ ಟೆಕ್ಸಾಸ್ ಸಂವಿಧಾನದಲ್ಲೇ ಇದೆ, ಅಂದ್ರೆ ಎಸ್‌ಐ ಸಾಹೇಬ್ರೇ ಬಿಲ್ ಕಲೆಕ್ಟರ್ರೂ ಆಗಿರ್ತಾರೆ.

ಈಗ ಓಟಿನ ವಿಷಯಕ್ಕೆ ಬರ್ತೀನಿ. 2020ರ ನವೆಂಬರಲ್ಲಿ ಅಧ್ಯಕ್ಷರ ಚುನಾವಣೆ ಆಯ್ತಲ್ಲ, ಲವಿಂಗ್ ಕೌಂಟಿಲಿ ಬಿದ್ದ ಓಟು 66. ಟ್ರಂಪ್‌ಗೆ 60, ಬೈಡನ್‌ಗೆ 4, ಇನ್ನೆರಡು ಬೇರೆ ಯಾರಿಗೋ. ಊರಲ್ಲಿರೋದು 64 ಜನ, ಕೈಗೂಸೂ ಸೇರಿ. ಶೇಕಡಾ ನೂರಕ್ಕಿಂತ ಜಾಸ್ತಿ ಮತದಾನ! ನಮ್ಮ ಚುನಾವಣಾ ಆಯೋಗದವರು ಮತದಾನ ಜಾಗೃತಿ ಅಂತ ಮಕ್ಕಳನ್ನ ಬಿಸಿಲಲ್ಲಿ ಜಾಥಾ ಮಾಡ್ಸಿ ಸುಸ್ತಾಗಿದಾರೆ, ಬೆಂಗಳೂರು ದಕ್ಷಿಣದಲ್ಲಿ ಅರ್ಧ ಜನ ಎದ್ದು ಬಂದ್ರೆ ಹಬ್ಬ. ಇವರನ್ನ ಒಂದು ಸ್ಟಡಿ ಟೂರ್ ಕಳಿಸ್ಬೇಕು ಅಲ್ಲಿಗೆ.

ಇದು ಕಳ್ಳ ಓಟು ಅಂತ ಮಾತ್ರ ಅನ್ಬೇಡಿ, ಕಾನೂನು ಇದೆ. ಟೆಕ್ಸಾಸಲ್ಲಿ ವಾಸ ಅಂದ್ರೆ, ನೀನು ತಾತ್ಕಾಲಿಕವಾಗಿ ಎಲ್ಲೇ ಹೋಗಿರು, ತಿರುಗಿ ಬರೋ ಉದ್ದೇಶ ಇರೋ ಮನೆ. ಉದ್ದೇಶ! ಆಹಾ, ಎಂಥ ಪದ. ಈ ಲೆಕ್ಕ ನಮ್ಮಲ್ಲಿ ತಂದ್ರೆ ರಿಟೈರ್ ಆದ್ಮೇಲೆ ಊರಿಗೆ ಹೋಗಿ ತೋಟ ಮಾಡ್ತೀನಿ ಅನ್ನೋ ವೈಟ್‌ಫೀಲ್ಡಿನ ಅಷ್ಟೂ ಇಂಜಿನಿಯರ್‌ಗಳು ಹಾಸನದ ಮತದಾರರು. ಡಲ್ಲಾಸಲ್ಲಿ ಕೂತು ಇನ್ನೆರಡೇ ವರ್ಷ, ಆಮೇಲೆ ವಾಪಸ್ ಬಂದ್ಬಿಡ್ತೀವಿ ಅಂತ 1998ರಿಂದ ಹೇಳ್ತಿರೋ ನಮ್ಮ ಚಿಕ್ಕಪ್ಪ ಈಗ್ಲೂ ಬಸವನಗುಡಿಯವರೇ. ಉದ್ದೇಶಕ್ಕೇನು ಬಾಡಿಗೆ ಕಟ್ಬೇಕಾ.

ಹಂಗೆ ನೋಡಿದ್ರೆ ಈ ಕೌಂಟಿಯ ಆಡಳಿತ ಹುಟ್ಟಿದ್ದೇ ಇಲ್ಲದ ಜನರ ಸಹಿಯಿಂದ. 1893ರಲ್ಲಿ ಕಾಲುವೆ ತೋಡ್ತೀವಿ, ನೀರಾವರಿ ಮಾಡ್ತೀವಿ ಅಂತ ಒಂದು ಕಂಪನಿ ಬಂತು. ನಮಗೆ ಪ್ರತ್ಯೇಕ ಕೌಂಟಿ ಆಡಳಿತ ಬೇಕು ಅಂತ 150 ಸಹಿ ಇರೋ ಅರ್ಜಿ ಕೊಟ್ರು, ಚುನಾವಣೇನೂ ನಡೀತು. ಏಳು ವರ್ಷ ಬಿಟ್ಟು, 1900ರಲ್ಲಿ ಸರ್ಕಾರದವರು ತಲೆ ಎಣಿಸಿದ್ರೆ ಸಿಕ್ಕಿದ್ದು 33. ಅಷ್ಟರಲ್ಲಿ, 1897ರಲ್ಲೇ, ಗೆದ್ದ ಮಹಾಶಯರು ಕೌಂಟಿಯ ಕಡತಗಳ ಸಮೇತ ಪರಾರಿ ಆಗಿದ್ರಂತೆ, ರಾಜ್ಯದವರು ಕೌಂಟಿನೇ ರದ್ದು ಮಾಡಿ ಪಕ್ಕದ ರೀವ್ಸ್ ಕೌಂಟಿಗೆ ಸೇರಿಸಿದ್ರು. ಆಮೇಲೆ ಎಣ್ಣೆ ಸಿಕ್ತು, 1931ರಲ್ಲಿ ಮತ್ತೆ ಕೌಂಟಿ ಮಾಡಿದ್ರು. ಟೆಕ್ಸಾಸಲ್ಲಿ ಎರಡು ಸಲ ಉದ್ಘಾಟನೆ ಆದ ಕೌಂಟಿ ಇದೊಂದೇ. ಎರಡು ಸಲ ಗುದ್ದಲಿ ಪೂಜೆ ಮಾಡಿಸ್ಕೊಂಡ ನಮ್ಮ ಫ್ಲೈಓವರ್ ನೆನಪಾದ್ರೆ ಅದು ನಿಮ್ಮ ತಪ್ಪಲ್ಲ.

ಲವಿಂಗ್ ಅಂತ ಹೆಸರಿಟ್ಟಿದ್ದು ಪ್ರೀತಿಗಲ್ಲ ಮತ್ತೆ. ಆಲಿವರ್ ಲವಿಂಗ್ ಅಂತ ಒಬ್ಬ ದನ ಹೊಡ್ಕೊಂಡು ಹೋಗ್ತಿದ್ದ ವ್ಯಾಪಾರಿ. 1867ರಲ್ಲಿ ಈ ಪೇಕೋಸ್ ನದಿ ಹತ್ರ ಕಮಾಂಚಿ ಅನ್ನೋ ಮೂಲನಿವಾಸಿ ಪಂಗಡದವರ ಏಟು ತಿಂದು, ಗಾಯ ಕೊಳೆತು, ಫೋರ್ಟ್ ಸಮ್ನರಲ್ಲಿ ಸತ್ತ. ಅವನ ಪಾರ್ಟ್ನರ್ ಗುಡ್‌ನೈಟ್ ಆ ಹೆಣವನ್ನ ವೆದರ್‌ಫರ್ಡ್‌ವರೆಗೂ ಹೊತ್ತು ತಂದು ಮಣ್ಣು ಮಾಡ್ಸಿದ. ಲವಿಂಗೂ ಇಲ್ಲಿಯವನಲ್ಲ, ಇಲ್ಲಿ ಮಣ್ಣಾಗಲೂ ಇಲ್ಲ. ಆದ್ರೂ ಹೆಸರು ಅವಂದು. ಈ ಕೌಂಟಿಗೆ ತಕ್ಕ ಹೆಸರು ಅಂತಲೇ ಅನ್ಸುತ್ತೆ.

ದನ ಅಂದೆನಲ್ಲ, 2022ರ ಮೇ ತಿಂಗಳು. ಕೌಂಟಿ ಜಡ್ಜನ್ನೇ ದನ ಕದ್ದ ಆರೋಪದ ಮೇಲೆ ಅರೆಸ್ಟ್ ಮಾಡಿದ್ರು. ಆರೋಪ ಆರೋಪವೇ, ನಾನು ತೀರ್ಪು ಕೊಡ್ತಿಲ್ಲ. ಬೀಡಾಡಿ ದನ ಸಿಕ್ರೆ ಶೆರಿಫ್‌ಗೆ ತಿಳಿಸ್ಬೇಕು, ಮಾಲೀಕ ಸಿಗ್ದಿದ್ರೆ ಹರಾಜು ಹಾಕ್ಬೇಕು, ನಮ್ಮ ಊರಿನ ದನದ ದೊಡ್ಡಿ ಇತ್ತಲ್ಲ, ಅದೇ ಕಾನೂನು. ಅದು ಬಿಟ್ಟು ಹಿಡ್ಕೊಂಡು ಹೋಗಿ ಮಾರಿದ್ರು ಅನ್ನೋದು ದೂರು. ಅದೇ ಹೊತ್ತಲ್ಲಿ ಜ್ಯೂರಿ ಡ್ಯೂಟಿ, ಅಂದ್ರೆ ತೀರ್ಪು ಹೇಳೋಕೆ ಕೌಂಟಿಯ ಸಾಮಾನ್ಯ ಜನರನ್ನ ಕರೆಸೋದು, ಅದಕ್ಕೆ ಅಂತ ಕೋರ್ಟಿಗೆ ಬಂದವರನ್ನೇ ಕೆಲವರನ್ನ, ನೀವು ಈ ಕೌಂಟಿಯವರೇ ಅಲ್ಲ ಅಂತ ಹೇಳಿ ಒಳಗೆ ಹಾಕಿದ್ರು. ಎಲ್ಲೇ ಆಗ್ಲಿ ಕೋರ್ಟಿಗೆ ಬರ್ಲಿಲ್ಲ ಅಂದ್ರೆ ವಾರಂಟು, ಇಲ್ಲಿ ಬಂದಿದ್ದಕ್ಕೆ ಜೈಲು. ಇದೇ ಕೌಂಟಿಲಿ 1945ರಲ್ಲಿ ಎಡ್ನಾ ರೀಡ್ ಡೀವೀಸ್ ಅನ್ನೋ ಹೆಣ್ಣುಮಗಳು ಶೆರಿಫ್ ಆಗಿದ್ರು, ಟೆಕ್ಸಾಸಲ್ಲಿ ಓಟಲ್ಲಿ ಗೆದ್ದ ಮೊದಲ ಮಹಿಳಾ ಶೆರಿಫ್. ಅವರ ಇಡೀ ಅವಧೀಲಿ ಹಿಡಿದಿದ್ದು ಇಬ್ಬರನ್ನ ಮಾತ್ರ ಅಂತೆ. ಆಮೇಲೆ ಊರು ಎಷ್ಟು ಅಭಿವೃದ್ಧಿ ಆಗಿದೆ ನೋಡಿ.

ಇಷ್ಟು ಕಿತ್ತಾಟ ಯಾಕೆ ಅಂದ್ರೆ ನೆಲದ ಕೆಳಗೆ ಪರ್ಮಿಯನ್ ಬೇಸಿನ್ನಿನ ಎಣ್ಣೆ. ಆ ಬಾವಿಗಳ ಮೇಲಿನ ಆಸ್ತಿ ತೆರಿಗೆ ಬಂದು ಬೀಳೋದು ಈ ಪುಟ್ಟ ಆಫೀಸಿಗೆ. ಅರ್ಥ ಆಯ್ತಲ್ಲ, ನಲವತ್ತು ಓಟು ಇದ್ರೆ ಎಣ್ಣೆ ಸಾಮ್ರಾಜ್ಯದ ಖಜಾನೆ ಕೀಲಿ ಕೈಗೆ. ಸುಮಾರು 20 ವರ್ಷದ ಹಿಂದೆ ಸರ್ಕಾರ ಆದಷ್ಟೂ ಕಡಿಮೆ ಇರ್ಬೇಕು ಅನ್ನೋ ಲಿಬರ್ಟೇರಿಯನ್ನರ ಒಂದು ಗುಂಪೂ ಇಲ್ಲಿಗೆ ಬಂದು ಸೆಟ್ಲ್ ಆಗಿ ಕೌಂಟಿ ಹಿಡೀತೀವಿ ಅಂತ ಹೊರಟು ವಾಪಸ್ ಹೋಗಿತ್ತು.

ನಾನು ಒಂದ್ಸಲ ಹೋಗಿದೀನಿ ಅಲ್ಲಿಗೆ. ಟೆಕ್ಸಾಸಿನ ಮಿಡ್‌ಲ್ಯಾಂಡಲ್ಲಿ ಕೆಲಸ ಮಾಡೋ ಮೈಸೂರಿನ ಗೆಳೆಯನ ಜೊತೆ ಕಾರ್ಲ್ಸ್‌ಬ್ಯಾಡ್ ಗುಹೆ ನೋಡೋಕೆ, 302ನೇ ಹೈವೇಲಿ. ಕರ್ಮಿಟ್ ಅನ್ನೋ ಊರು ದಾಟಿದ್ಮೇಲೆ ಮರ ಅನ್ನೋದಿಲ್ಲ, ಬರೀ ಕುರುಚಲು, ಅಲ್ಲಲ್ಲಿ ಪೈಪಿನ ತುದೀಲಿ ಗ್ಯಾಸ್ ಉರೀತಾ ಇರುತ್ತೆ, ಹಗಲಲ್ಲೂ. ಮುಂದೆ ಟ್ರಕ್ಕು, ಹಿಂದೆ ಟ್ರಕ್ಕು, ವೈಪರ್ ಹಾಕಿದ್ರೆ ಗಾಜಿನ ಮೇಲೆ ಧೂಳು ಅರ್ಧಚಂದ್ರ ಆಗಿ ಮೆತ್ಕೊಳ್ಳೋದು. ಮೆಂಟೋನ್ ಅನ್ನೋದು ಕೌಂಟಿ ಕೇಂದ್ರ, ಫ್ರಾನ್ಸಿನ ಸಮುದ್ರ ತೀರದ ಮಾಂತೋನ್ ಊರಿನ ಹೆಸರಂತೆ, ಇಲ್ಲಿ ಬಹಳ ಕಾಲ ಕುಡಿಯೋ ನೀರನ್ನೇ ಗಾಡೀಲಿ ಹೊತ್ತು ತರ್ತಿದ್ರು. 1935ರ ಇಟ್ಟಿಗೆ ಕೋರ್ಟ್‌ಹೌಸ್ ಒಂದು ನಿಂತಿದೆ. ಸ್ಕೂಲು ಇಲ್ಲ, 1972ರಲ್ಲೇ ಮುಚ್ಚಿ ಪಕ್ಕದ ಕೌಂಟಿಯ ವಿಂಕ್‌ಗೆ ಸೇರಿಸಿದ್ರು. ಆಸ್ಪತ್ರೆ ಇಲ್ಲ.

ಆದ್ರೆ ಜನ ಇಲ್ವಾ? ಅಲ್ಲೇ ನನಗೆ ನಗು ನಿಂತಿದ್ದು. ಜನ ಬೇಕಾದಷ್ಟಿದಾರೆ ಕಣ್ರೀ. ರೋಡ್ ಪಕ್ಕ ಸಾಲು ಸಾಲು ಟ್ರೇಲರ್, ಮ್ಯಾನ್ ಕ್ಯಾಂಪ್ ಅಂತಾರೆ, ಬಾವಿ ಕೊರೆಯೋರು, ಪೈಪ್ ಎಳೆಯೋರು, ಉಪ್ಪುನೀರಿನ ಟ್ಯಾಂಕರ್ ಓಡ್ಸೋರು ಎಲ್ಲಾ ಅದರಲ್ಲೇ ಮಲಗೋದು. ಪಕ್ಕದ 285ನೇ ಹೈವೇಗೆ ಡೆತ್ ಹೈವೇ ಅಂತ ಹೆಸರು ಬಂದಿರೋದು ಇವರು ನಿದ್ದೆಗೆಟ್ಟು ಗಾಡಿ ಓಡ್ಸಿ ಓಡ್ಸಿ ಸತ್ತಿದ್ದಕ್ಕೆ. ಕೈ ಮುರ್ಕೊಂಡ್ರೆ ಪೇಕೋಸ್ ಊರಿಗೋ ಕರ್ಮಿಟ್‌ಗೋ ಓಡ್ಬೇಕು. ಎಣ್ಣೆ ತೆಗೆಯೋ ಈ ಕೈಗಳು ಗಣತಿಯ 64ರಲ್ಲಿ ಇಲ್ಲ. ಬೇರೆ ಊರಲ್ಲಿ ಮನೆ ಮಾಡ್ಕೊಂಡು, ಮಕ್ಕಳನ್ನ ಅಲ್ಲೇ ಓದಿಸ್ಕೊಂಡು, ವಾಪಸ್ ಬರೋ ಉದ್ದೇಶ ಮಾತ್ರ ಇಲ್ಲಿಟ್ಕೊಂಡಿರೋರು ಊರಿನವರು. ದಿನಾ ಇಲ್ಲೇ ಧೂಳು ಕುಡಿಯೋನು ಹೊರಗಿನವನು. ನಾಚಿಕೆ ಆಗ್ಬೇಕು. ಯಾರಿಗೆ ಆಗ್ಬೇಕು ಅಂತ ಕೇಳಿದ್ರೆ ಅದಕ್ಕೂ ಒಂದು ಚುನಾವಣೆ ಇಡ್ತಾರೇನೋ.

ಪೆಟ್ರೋಲ್ ಬಂಕಲ್ಲಿ ಕಾಫಿಗೆ ಸಾಲಲ್ಲಿ ನಿಂತಾಗ ಮುಂದಿದ್ದ ಟ್ಯಾಂಕರ್ ಡ್ರೈವರ್ ಮಾತಿಗೆ ಸಿಕ್ಕ. ಲೂಸಿಯಾನಾದವನಂತೆ. ಎಡಗೈ ಹೆಬ್ಬೆರಳಿಗೆ ಡಕ್ಟ್ ಟೇಪ್ ಸುತ್ಕೊಂಡಿದ್ದ, ಒಳಗೆ ಟಿಶ್ಯೂ ಪೇಪರ್ ಇಟ್ಟು. ಎಷ್ಟು ದಿನದಿಂದ ಇದೀರಿ ಅಂದೆ. ಮೂರು ವರ್ಷ ಆಯ್ತು ಅಂದ. ಓಟು ಇಲ್ಲೇ ಹಾಕ್ತೀರಾ ಅಂತ ಸುಮ್ನೆ ತಮಾಷೆಗೆ ಕೇಳ್ದೆ.

"ಇಲ್ಲೇನಾ? ನಾನು ಇಲ್ಲಿಯವನಲ್ವಲ್ಲ ಸಾರ್" ಅನ್ನೋ ಧಾಟೀಲಿ ನಕ್ಕು, ಎರಡು ಕ್ಯಾನ್ ನೀರು ಎತ್ಕೊಂಡು, ರೋಡ್ ದಾಟಿ ಅವನ ಟ್ರೇಲರ್ ಕಡೆ ಹೋದ.