ಒಂದೇ ಸೂರು, ಎರಡು ಫೈಲು

ಎಂಬಿಬಿಎಸ್, ಆಯುರ್ವೇದದ ಬಿಎಎಂಎಸ್ ಎರಡನ್ನೂ ಸೇರಿಸಿ ಒಂದೇ ಕೋರ್ಸ್ ಮಾಡುತ್ತೇವೆ, ಪುದುಚೇರಿಯ ಜಿಪ್‌ಮರ್ ವೈದ್ಯಕೀಯ ಸಂಸ್ಥೆಯಲ್ಲಿ ತಯಾರಿ ನಡೆದಿದೆ ಅಂತ 2025ರಲ್ಲಿ ಕೇಂದ್ರದ ಆಯುಷ್ ಮಂತ್ರಿಗಳು ಹೇಳಿದ್ದೇ ತಡ, ಡಾಕ್ಟರುಗಳ ಸಂಘ 'ಮಿಕ್ಸೋಪತಿ ಬೇಡ' ಅಂತ ಎದ್ದು ನಿಂತಿತು. ವಿಜಯಪುರದ ನಮ್ಮ ಕಾಕಾಗೆ ನಗು. ಆ ಕೋರ್ಸನ್ನು ಅವರು ಮನೆಯಲ್ಲೇ ಮುಗಿಸಿ ಎಷ್ಟೋ ವರ್ಷವಾಯಿತು.

ಕಾಕಾನ ಕೈಚೀಲ ನೋಡಬೇಕು ನೀವು. ಶುಗರ್ ಗುಳಿಗೆ, ಬಿಪಿ ಗುಳಿಗೆ, ಹೃದಯಕ್ಕೆ ವಾಲ್ವ್ ಹಾಕಿಸಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ವಾರ್ಫರಿನ್. ಅದರ ಪಕ್ಕದಲ್ಲೇ ಅಮೃತಬಳ್ಳಿ ರಸ, ಅರಿಷಿಣದ ಕ್ಯಾಪ್ಸೂಲು, ಬೀಗರು ಕೊಟ್ಟ ಮೊಣಕಾಲಿನ ಪುಡಿ. ಶುಗರ್ ಇದ್ದವರಿಗೆ ಹೋಮಿಯೋಪತಿಯ ಸಕ್ಕರೆ ಗುಳಿಗೆ ಬೇರೆ! ಆ ಪುಡಿ ಎರಡೇ ದಿನಕ್ಕೆ ನೋವು ಇಳಿಸುತ್ತದಂತೆ. ಇಳಿಸದೆ ಏನು? ಇಂಥ ಎಷ್ಟೋ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ಪರೀಕ್ಷೆಯಲ್ಲಿ ಸಿಕ್ಕಿದೆ.

"ಡಾಕ್ಟರ್‌ಗೆ ಇದೆಲ್ಲಾ ಹೇಳೀರೇನ್ರಿ ಕಾಕಾ?"

"ಹೇಳಿದ್ರ ಬೈತಾರಲೇ ತಮ್ಮಾ. ಅವರೂ ಕೇಳಂಗಿಲ್ಲ, ನಾನೂ ಹೇಳಂಗಿಲ್ಲ."

ಇಂಥ ಹೊಂದಾಣಿಕೆ ಗಂಡ ಹೆಂಡಿರಲ್ಲೂ ಇರಲಿಕ್ಕಿಲ್ಲ.

ಈಗ ಊರಲ್ಲಿ ಹೊಸ ಆಸ್ಪತ್ರೆಯ ಬೋರ್ಡು ಬಂದಿದೆ: 'ಅಲೋಪತಿ, ಆಯುರ್ವೇದ, ಯೋಗ, ಎಲ್ಲವೂ ಒಂದೇ ಸೂರಿನಡಿ.' ಸೂರು ಒಂದೇ, ಸುಳ್ಳಲ್ಲ. ಒಳಗೆ ಎರಡು ಕೌಂಟರು, ಎರಡು ಫೈಲು, ಎರಡು ಬಿಲ್ಲು. ಕೆಳಗಿನ ಡಾಕ್ಟರು ಏನು ಬರೆದರೆಂದು ಮೇಲಿನ ವೈದ್ಯರಿಗೆ ಗೊತ್ತಿಲ್ಲ. ಇಬ್ಬರ ಭೇಟಿ ಲಿಫ್ಟಿನಲ್ಲಿ ಮಾತ್ರ, ಅದೂ ಕರೆಂಟ್ ಇದ್ದರೆ. ಎರಡೂ ಪದ್ಧತಿ ನಿಜವಾಗಿ ಕೂಡುವುದು ಕಾಕಾನ ಹೊಟ್ಟೆಯಲ್ಲಿ.

ಗಿಡಮೂಲಿಕೆಯನ್ನು ಆಡಿಕೊಳ್ಳುತ್ತಿದ್ದೇನೆ ಅನ್ನಬೇಡಿ. ಸರ್ಪಗಂಧ ನಮ್ಮದೇ ಬೇರು. 1949ರಲ್ಲಿ ಮುಂಬೈಯ ಡಾ. ರುಸ್ತುಂ ಜಾಲ್ ವಕೀಲ್ ಅದನ್ನು ಬಿಪಿ ರೋಗಿಗಳಿಗೆ ಕೊಟ್ಟು, ಅಳೆದು, ಬ್ರಿಟನ್ನಿನ ಹೃದಯರೋಗದ ಪತ್ರಿಕೆಯಲ್ಲಿ ಬರೆದರು. ಅದರಿಂದ ರಿಸರ್ಪಿನ್ ಗುಳಿಗೆ ಬಂತು. ಕೆಲವರ ಮನಸ್ಸು ಕುಗ್ಗಬಹುದು ಅನ್ನುವ ಎಚ್ಚರಿಕೆಯೂ ಆಮೇಲೆ ಬಂತು. ಗಮನಿಸಿದ್ದಕ್ಕೇ ಬಂದದ್ದು, ಅಲ್ವಾ? ಇಂಥದ್ದನ್ನೇ ಪರೀಕ್ಷಿಸಲು ನಮ್ಮ ಬೆಳಗಾವಿಯಲ್ಲಿ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಪಾರಂಪರಿಕ ವೈದ್ಯಕೀಯ ಸಂಸ್ಥೆಯೇ ಇದೆ. ಅವರು ಲ್ಯಾಬಿನಲ್ಲಿ ಒಂದೊಂದೇ ಗಿಡ ಹಿಡಿದು ಕೂತಿರುತ್ತಾರೆ. ನಮ್ಮ ಬೀಗರಿಗೆ ಅಷ್ಟು ಪುರುಸೊತ್ತಿಲ್ಲ, ಸೀದಾ ಕಾಕಾನ ಮೇಲೆಯೇ ಪ್ರಯೋಗ.

ಹೋದ ತಿಂಗಳು ಕಾಕಾನ ವಸಡಿನಲ್ಲಿ ರಕ್ತ. ನಿಲ್ಲಲೇ ಇಲ್ಲ. ವಾರ್ಫರಿನ್ ಜೊತೆ ಅರಿಷಿಣದ ಕ್ಯಾಪ್ಸೂಲು ಸೇರಿದರೆ ರಕ್ತ ಸೋರುವ ಅಪಾಯ ಜಾಸ್ತಿ ಅಂತ ನ್ಯೂಜಿಲೆಂಡಿನ ಔಷಧ ಇಲಾಖೆ 2018ರಲ್ಲೇ ಎಚ್ಚರಿಸಿತ್ತು. ನ್ಯೂಜಿಲೆಂಡಿನವರಿಗೆ ನಮ್ಮ ಅರಿಷಿಣದ ಚಿಂತೆ. ನಮ್ಮವರು? ಯಾವ ಕೌಂಟರಿನಲ್ಲೂ ಒಬ್ಬನೂ "ಬೇರೆ ಏನು ತಗೋತೀರಿ?" ಅಂತ ಕೇಳಲಿಲ್ಲ. ಮೂರೇ ಪದ. ಅದಕ್ಕೆ ಡಬಲ್ ಡಿಗ್ರಿ ಬೇಕಾ? ಬರೆಯುವಾಗಲೂ ಕೈ ನಡುಗುತ್ತದೆ, ಬಿಡಿ.

ಮೊನ್ನೆ ಕಾಕಾ ಖುಷಿಯಾಗಿದ್ದರು. "ನೀ ಹೇಳಿದಂಗ ಒಂದು ಗುಳಿಗಿ ಬಿಟ್ಟೀನಪಾ" ಅಂದರು. ಚೀಲ ತೆಗೆದು ನೋಡಿದೆ. ಅರಿಷಿಣ ಇತ್ತು. ವಾರ್ಫರಿನ್ ಇರಲಿಲ್ಲ.

"ಇಂಗ್ಲಿಷ್ ಗುಳಿಗಿ ಭಾಳ ಹೀಟ್ ನೋಡು."

ಚೀಲ ಸಮೇತ ಅವರನ್ನು ಗಾಡಿ ಮೇಲೆ ಕೂರಿಸಿಕೊಂಡು ಓಡಿದೆ. ಕೌಂಟರಿನ ಹುಡುಗಿ ತಲೆ ಎತ್ತದೆ ಕೇಳಿದಳು:

"ಕೆಳಗಿನ ಫೈಲೇನ್ರಿ, ಮ್ಯಾಲಿಂದೋ?"