ಕೊನೇ ಸಲ ಯಾವಾಗ ತೆರೆದಿದ್ದೆ ಹೇಳು

ಬೆಳಗ್ಗೆ ತಿಂದ ಬೆಣ್ಣೆ ದೋಸೆ ಇನ್ನೂ ಅರಗಿಲ್ಲ. ದೋಸೆಯದೇನೂ ತಪ್ಪಿಲ್ಲ, ಎದುರಿಗೆ ಕೂತಿದ್ದವನದು.

ಭಾನುವಾರ ನಾವು ನಾಲ್ಕು ಜನ ಸೇರೋದು ನಿಮಗೆ ಗೊತ್ತೇ ಇದೆ. ನಾಲ್ವರೂ ಒಂದೇ ಕಂಪ್ಯೂಟರ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವರು. ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯೊಳಗಿದ್ದ ಕಾಲ ಅದು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ದೇವರ ಕೋಣೆಗೆ ಹೋದ ಹಾಗೆ ಒಳಗೆ ಹೋಗಿ, ಫ್ಲಾಪಿ ಹಾಕಿ, ಟೈಪ್ ಮಾಡೋಕೆ ಆಗ ಇದ್ದ ವರ್ಡ್‌ಸ್ಟಾರ್ ಅನ್ನೋ ಸಾಫ್ಟ್‌ವೇರ್ ತೆಗೀತಿದ್ವಿ. ಕಂಟ್ರೋಲ್ ಒತ್ತಿ ಇ ಅಂದ್ರೆ ಮೇಲೆ, ಎಕ್ಸ್ ಅಂದ್ರೆ ಕೆಳಗೆ, ಎಸ್ ಎಡಕ್ಕೆ, ಡಿ ಬಲಕ್ಕೆ. ಮೌಸ್ ಅನ್ನೋ ಪ್ರಾಣಿಯನ್ನ ನಾವಿನ್ನೂ ನೋಡಿರಲಿಲ್ಲ.

ಇವತ್ತು ಮಾತಿಗೆ ಮಾತು ಬಂದು ನಾನು ಹೇಳಿದ್ದಿಷ್ಟೇ. ಇಮ್ಯಾಕ್ಸ್ ಅಂತ ಒಂದು ಎಡಿಟರ್, ಅಂದ್ರೆ ಕಂಪ್ಯೂಟರಿನಲ್ಲಿ ಬರೆಯೋ ಸಾಫ್ಟ್‌ವೇರ್; ಅದರ ಜೊತೆಗೇ ಬರ್ತಿದ್ದ ಹಳೇ ಪ್ಯಾಕೇಜುಗಳಲ್ಲಿ, ಅಂದ್ರೆ ಸಣ್ಣ ಸೇರ್ಪಡೆಗಳಲ್ಲಿ, ವರ್ಡ್‌ಸ್ಟಾರ್ ಕೀಲಿಗಳದ್ದೂ ಒಂದಿತ್ತು. ಅದನ್ನ ಎಷ್ಟೋ ವರ್ಷದ ಹಿಂದೆಯೇ 'ಆಬ್ಸಲೀಟ್', ಅಂದ್ರೆ ಬಳಕೆ ತಪ್ಪಿದ್ದು, ಅನ್ನೋ ಫೋಲ್ಡರಿಗೆ ಸರಿಸಿದ್ದರು. ಇಂಥವನ್ನೆಲ್ಲ ತೆಗೆದೇ ಬಿಡಬೇಕು, ತೆಗೆದರೆ ಒಳ್ಳೇದು.

ನಮ್ಮ ದೋಸ್ತ ದೋಸೆ ತುಂಡನ್ನ ಅರ್ಧ ದಾರಿಯಲ್ಲೇ ನಿಲ್ಲಿಸಿದ. "ಹೆಂಗ್ ತೆಗೀತಾರಲೇ? ನಾವು ಕಲ್ತಿದ್ದೇ ಅದ್ರಾಗೆ!"

"ಸರಿ, ಇಮ್ಯಾಕ್ಸಲ್ಲಿ ಅದನ್ನ ಕೊನೇ ಸಲ ಯಾವಾಗ ತೆರೆದಿದ್ದೆ ಹೇಳು."

ಸುಮ್ಮನಾದ. ಚಟ್ನಿ ತರಿಸಿದ. ಆಮೇಲೆ "ಅದಲ್ಲ ಪ್ರಶ್ನೆ" ಅಂದ.

ಅಲ್ರೀ, ಅದೇ ಪ್ರಶ್ನೆ! ಅದು ಬಿಟ್ಟು ಬೇರೆ ಪ್ರಶ್ನೆಯೇ ಇಲ್ಲ.

ಲಗ್ನಪತ್ರಿಕೆ ಅಚ್ಚು ಹಾಕೋ ನನ್ನಂಥವನಿಗೆ ಇಮ್ಯಾಕ್ಸ್ ಯಾಕೆ ಅಂತ ಮತ್ತೆ ಶುರು ಮಾಡಬೇಡಿ, ಅದು ಹಳೇ ಜಗಳ. ಹೊಸಬರಿಗಾಗಿ ಎರಡು ಮಾತು. 1985ರಿಂದ ಇರೋ ಎಡಿಟರ್ ಇದು, ರಿಚರ್ಡ್ ಸ್ಟಾಲ್ಮನ್ ಅವರ ಗ್ನೂ ಯೋಜನೆಯದ್ದು. ಬೇಕಾದ ಪ್ಯಾಕೇಜನ್ನ ನೆಟ್ಟಿಂದ ತರಿಸಿಕೊಳ್ಳೋ ಸೌಕರ್ಯ ಅದರೊಳಗೇ ಬಂದದ್ದು 2012ರಲ್ಲಿ, 24ನೇ ಆವೃತ್ತಿಯಲ್ಲಿ. ಅಲ್ಲೀತನಕ ಯಾರಾದರೂ ಉಪಯೋಗದ್ದೊಂದು ಬರೆದರೆ, ಎಲ್ಲರಿಗೂ ಸಿಗಲಿ ಅಂತ ಮೂಲ ಪೆಟ್ಟಿಗೆಗೇ ಸೇರಿಸೋದು ರೂಢಿ. ಹಂಗಾಗಿ ಕ್ಯಾಲೆಂಡರು, ಮೇಲ್ ಓದೋದು, ಟೆಟ್ರಿಸ್ ಆಟ, ಬೇರೆ ಎಡಿಟರುಗಳ ಕೀಲಿ ನಕಲು ಎಲ್ಲವೂ ಒಳಗೆ ಸೇರಿಕೊಂಡವು. ಆಗ ಅದು ಸರಿಯೇ ಇತ್ತು. ಈಗ ಬೇಕಾದವನು ಒಂದು ಕಮಾಂಡ್ ಕೊಟ್ಟು ತರಿಸಿಕೊಳ್ಳಬಹುದು.

ತೆಗೆಯೋದಾದರೂ ಹೆಂಗೆ ತೆಗೀತಾರೆ? ರಾತ್ರೋರಾತ್ರಿ ಬುಲ್ಡೋಜರ್ ತರ್ತಾರಾ? ಮೊದಲು ಬದಲಿ ಕೊಡ್ತಾರೆ. ಆಮೇಲೆ ಹಳೇದಕ್ಕೆ 'ಇದು ಬಳಕೆ ತಪ್ಪಿದೆ' ಅಂತ ಚೀಟಿ ಅಂಟಿಸ್ತಾರೆ. ಚೀಟಿ ಅಂಟಿಸಿದ ಮೇಲೂ ಅದು ಓಡ್ತಾನೇ ಇರುತ್ತೆ. ಪ್ರೋಗ್ರಾಮ್ ಬರೆಯೋರು ಬಳಸೋ 'ಸಿಎಲ್' ಅಂತ ಒಂದು ಲೈಬ್ರರಿ ಇತ್ತು. ಅದರ ಬದಲಿ 'ಸಿಎಲ್-ಲಿಬ್' ಬಂದದ್ದು 2013ರಲ್ಲಿ, 24.3ರ ಜೊತೆ. ಹಳೇದಕ್ಕೆ ಚೀಟಿ ಅಂಟಿದ್ದು 2020ರ 27.1ರಲ್ಲಿ. ನಡುವೆ ಏಳು ವರ್ಷ! ನಮ್ಮೂರಲ್ಲಿ ಬಾಡಿಗೆ ಮನೆ ಖಾಲಿ ಮಾಡೋಕೆ ಏಳು ವಾರ ಕೊಡೋ ಓನರ್ ಇದ್ರೆ ಹೇಳಿ, ನಾನೇ ಹೋಗಿ ಹಾರ ಹಾಕ್ತೀನಿ.

ಅಷ್ಟಾದ ಮೇಲೆ ಜನ ಏನು ಮಾಡಿದ್ರು? ಇಮ್ಯಾಕ್ಸ್ ತೆರೆದಾಗೆಲ್ಲ 'ಪ್ಯಾಕೇಜ್ ಸಿಎಲ್ ಈಸ್ ಡೆಪ್ರಿಕೇಟೆಡ್' ಅಂತ ಒಂದು ಸಾಲು ಬರ್ತಿತ್ತು, ಅದೇ ಆ ಚೀಟಿ. ಆ ಸಾಲು ಕಾಣದ ಹಾಗೆ ಮಾಡೋದು ಹೆಂಗೆ ಅಂತ ಹುಡುಕಿದರು! ಅಡುಗೆಮನೆಯಿಂದ ಸೀದ ವಾಸನೆ ಬಂದರೆ ಒಲೆ ಆರಿಸೋದು ಬಿಟ್ಟು ಊದುಬತ್ತಿ ಹಚ್ಚೋ ಜಾತಿ.

ನನ್ನ ಸಿಟ್ಟು ಹಳೇದನ್ನ ಬಳಸೋರ ಮೇಲಲ್ಲ. ದಿನಾ ಬಳಸೋನು ಒಬ್ಬ ಇದ್ದರೆ ಅವನ ಕೈ ಹಿಡಿದು ಕೇಳೋಣ, ನಿನಗೇನು ಬೇಕಪ್ಪಾ ಅಂತ. ಸಿಟ್ಟು ಯಾರ ಮೇಲೆ ಅಂದ್ರೆ, ಹತ್ತು ವರ್ಷ ಆ ಕಡೆ ತಲೆ ಹಾಕಿ ಮಲಗದೆ, ತೆಗೀತಾರಂತೆ ಅಂದ ದಿನ ಎದ್ದು ಕೂತು ಎದೆ ಬಡಕೊಳ್ಳೋರ ಮೇಲೆ. ಆ ಫೈಲಿನಲ್ಲಿ ದೋಷ ಕಂಡಾಗ ಒಂದು ಸಾಲು ಬರೆದು ತಿಳಿಸಲ್ಲ. ನಾನು ನೋಡ್ಕೋತೀನಿ ಅಂತ ಮುಂದೆ ಬರಲ್ಲ. ತಿಥಿ ದಿನ ಮಾತ್ರ ಎಲ್ಲರಿಗಿಂತ ಮುಂದೆ ಎಲೆ ಹಾಕಿಸಿಕೊಂಡು ಕೂತಿರ್ತಾರೆ.

"ಇರ್ಲಿ ಬಿಡಲೇ, ಎಷ್ಟು ಜಾಗ ತಿಂತೈತಿ ಅದು? ನಾಲ್ಕು ಕೆಬಿ!" ಇದು ದೋಸ್ತನ ಎರಡನೇ ವಾದ, ಎರಡನೇ ದೋಸೆ ಜೊತೆ ಬಂದದ್ದು. ಒಪ್ಪಿದೆ, ಡಿಸ್ಕಿನ ಜಾಗ ಲೆಕ್ಕಕ್ಕಿಲ್ಲ. ತನ್ನ ಫೋನಿನಲ್ಲಿ ಇವನು ಇಟ್ಟುಕೊಂಡಿರೋ ಗುಡ್ ಮಾರ್ನಿಂಗ್ ಚಿತ್ರಗಳೇ ಇಡೀ ಇಮ್ಯಾಕ್ಸಿಗಿಂತ ದೊಡ್ಡವು. ಆದ್ರೆ ಜಾಗದ ಮಾತು ಯಾರಾಡಿದರು? 24ನೇ ಆವೃತ್ತಿಯಲ್ಲೇ 'ಲೆಕ್ಸಿಕಲ್ ಬೈಂಡಿಂಗ್' ಅನ್ನೋದು ಬಂತು, ಅಂದ್ರೆ ಪ್ರೋಗ್ರಾಮಿನಲ್ಲಿ ವೇರಿಯಬಲ್‌ಗಳನ್ನ ಹುಡುಕೋ ನಿಯಮವೇ ಬೇರೆ. ಹಳೇ ಫೈಲುಗಳನ್ನ ಅದಕ್ಕೆ ಒಗ್ಗಿಸಬೇಕಾದರೆ ಒಂದೊಂದನ್ನೂ ತೆರೆದು, ಓದಿ, ಕೆಟ್ಟಿತೋ ಇಲ್ಲವೋ ಅಂತ ಯಾರೋ ನೋಡಬೇಕು. ಆ ಯಾರೋ ಒಬ್ಬ ಬಹುಪಾಲು ಸಂಬಳ ಇಲ್ಲದೆ ರಾತ್ರಿ ಊಟ ಆದ ಮೇಲೆ ಕೂತವನು. ಅವನ ಆ ಒಂದು ಗಂಟೆ ನಮ್ಮ ದೋಸ್ತನ ನೆನಪಿನ ಕಾಪಾಡಿಕೆಗೆ ಹೋಗಬೇಕಾ?

ಅದೇ ಗಂಟೆಯಲ್ಲಿ ಏನೇನಾಗಿದೆ ನೋಡಿ. 27ನೇ ಆವೃತ್ತಿಯಲ್ಲಿ ಅಕ್ಷರ ಜೋಡಿಸೋ ಕೆಲಸಕ್ಕೆ ಹಾರ್ಫ್‌ಬಜ್ ಬಂತು. ಕನ್ನಡದಲ್ಲಿ ಬರೆಯೋ ನನಗೆ ಒತ್ತಕ್ಷರ ಸರಿಯಾಗಿ ಕೂತರೆ ಅದೇ ಹಬ್ಬ. 29ರಲ್ಲಿ ಯೂಸ್-ಪ್ಯಾಕೇಜ್, ಎಗ್ಲಾಟ್ ಅನ್ನೋ ಎರಡು ಪ್ಯಾಕೇಜು ಒಳಗೆ ಬಂದವು, 30ರಲ್ಲಿ ವಿಚ್-ಕೀ. ಅಂದ್ರೆ ಪೆಟ್ಟಿಗೆಗೆ ಹೊಸದು ಬರ್ತಾನೇ ಇದೆ. ಬರೋ ಬಾಗಿಲು ಮಾತ್ರ ತೆಗೆದು, ಹೋಗೋ ಬಾಗಿಲಿಗೆ ಬೀಗ ಹಾಕಿದ್ರೆ ಹೆಂಗೆ?

ಈಗ ಒಂದು ವಿಷಯ ಒಪ್ಪಿಕೊಂಡು ಬಿಡ್ತೀನಿ, ಇಲ್ಲದಿದ್ದರೆ ಕೆಳಗೆ ಕಾಮೆಂಟಿನಲ್ಲಿ ಯಾರಾದರೂ ಬಂದು ಹೇಳೇ ಹೇಳ್ತೀರಿ. ಸಾಲಿಗೆ ನಂಬರ್ ಹಾಕೋ 'ಲೈನಮ್' ಇತ್ತಲ್ಲ, 2023ರಲ್ಲಿ 29ನೇ ಆವೃತ್ತಿ ಬಂದು ಅದಕ್ಕೆ ಚೀಟಿ ಅಂಟಿದಾಗ ಕೂಗಾಡಿದವರಲ್ಲಿ ನಾನೂ ಒಬ್ಬ. ರಾತ್ರಿ ಹನ್ನೊಂದೂವರೆಗೆ ಕೂತು, 'ಬಳಕೆದಾರರಿಗೆ ದ್ರೋಹ' ಅಂತೆಲ್ಲ ದೊಡ್ಡ ದೊಡ್ಡ ಮಾತು ಬರೆದಿದ್ದೆ. ದ್ರೋಹ ಅಂತೆ! ಬದಲಿ ವ್ಯವಸ್ಥೆ 2018ರಲ್ಲೇ, 26ರ ಜೊತೆ ಬಂದಿತ್ತು. ಲೈನಮ್ ಹಾಕಿದ್ರೆ ದೊಡ್ಡ ಫೈಲು ಎತ್ತಿನಗಾಡಿ ಆಗ್ತಿತ್ತು, ಅದನ್ನೂ ಐದು ವರ್ಷ ಬೈಕೊಂಡೇ ಬಳಸಿದ್ದೆ. ಮರುದಿನ ನನ್ನ ಸೆಟ್ಟಿಂಗ್ ಫೈಲಿನಲ್ಲಿ ಒಂದೇ ಒಂದು ಸಾಲು ಬದಲಾಯಿಸಿದೆ. ಕಾಫಿ ಬಿಸಿ ಇರೋವಾಗಲೇ ಕೆಲಸ ಮುಗೀತು. ರಾತ್ರಿ ಬರೆದದ್ದನ್ನ ಅಳಿಸೋಕೆ ಹೋದರೆ ಅಷ್ಟರಲ್ಲಿ ಹದಿನಾಲ್ಕು ಜನ ಲೈಕ್ ಒತ್ತಿದ್ದರು. ಅಳಿಸಲಿಲ್ಲ. ಅದು ಬೇರೆ ನಾಚಿಕೆ.

ಹಳೇದೆಲ್ಲ ಹೋಗಬೇಕು ಅಂತ ನಾನು ಅಂದಿಲ್ಲ, ಅದನ್ನೂ ನನ್ನ ಬಾಯಿಗೆ ತುರುಕಬೇಡಿ. ಇಮ್ಯಾಕ್ಸಿನಲ್ಲಿ 'ಡಾಕ್ಟರ್' ಇದೆ. 1960ರ ದಶಕದಲ್ಲಿ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ಮಾಡಿದ ಎಲೈಜಾ ಅನ್ನೋ ಮಾತಾಡೋ ಪ್ರೋಗ್ರಾಮಿನ ವಂಶದ್ದು, ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳೋ ಮಹಾನುಭಾವ. ಈಗಲೂ ಜನ ತೆರೀತಾರೆ, ನಗ್ತಾರೆ. ಮಾರ್ಚ್ ತಿಂಗಳ ಲೆಕ್ಕದಲ್ಲಿ ತಲೆ ಕೆಟ್ಟಾಗ ನಾನೂ ಎರಡು ನಿಮಿಷ ಅದರ ಹತ್ತಿರ ಗೋಳು ಹೇಳಿಕೊಂಡಿದ್ದೀನಿ. ಮನೆಯವಳಿಗಿಂತ ತಾಳ್ಮೆಯಿಂದ ಕೇಳುತ್ತೆ. ಅದಿರಲಿ, ಬೇಕಾದಷ್ಟು ದಿನ ಇರಲಿ. ವಯಸ್ಸಿನ ಮಾತಲ್ಲ ಇದು.

ಆಟಮ್ ಎಡಿಟರಿನ ಕಥೆ ನೆನಪಿಸಿಕೊಳ್ಳಿ. ಅದನ್ನ ಮಾಡಿದ ಗಿಟ್‌ಹಬ್ ಕಂಪನಿ 2022ರ ಜೂನ್‌ನಲ್ಲಿ ನಿಲ್ಲಿಸ್ತೀವಿ ಅಂತ ಹೇಳಿತು, ಅದೇ ಡಿಸೆಂಬರ್ 15ಕ್ಕೆ ಬಾಗಿಲು ಹಾಕಿತು. ಪ್ಯಾಕೇಜಲ್ಲ, ಇಡೀ ಎಡಿಟರೇ, ಆರು ತಿಂಗಳ ನೋಟಿಸಿನಲ್ಲಿ. ಕೋಡ್ ಬಯಲಲ್ಲಿ ಇದ್ದದ್ದಕ್ಕೆ ಕೆಲವರು ಪಲ್ಸರ್ ಅಂತ ಮುಂದುವರಿಸಿದರು. ಎದೆ ಬಡಕೊಂಡವರಲ್ಲ, ಕೆಲಸಕ್ಕೆ ಕೂತವರು. ಇದನ್ನ ದೋಸ್ತನಿಗೆ ಹೇಳೋ ಹೊತ್ತಿಗೆ ಬಿಲ್ ಬಂತು. ಬಿಲ್ ಬಂದಾಗ ಅವನು ಕೈ ತೊಳೆಯೋಕೆ ಹೋಗೋದು ಪದ್ಧತಿ, ಆ ಪ್ಯಾಕೇಜು ಮಾತ್ರ ಇವತ್ತಿಗೂ ಒಳ್ಳೇ ಬಳಕೆಯಲ್ಲಿದೆ.

ಇಷ್ಟು ಬರೆಯೋ ಹೊತ್ತಿಗೆ ಅವನದೇ ಫೋನು. "ಲೇ, ಆ ವರ್ಡ್‌ಸ್ಟಾರ್ ಮೋಡ್ ಆನ್ ಮಾಡೋದು ಹೆಂಗೆ?"

ಲ್ಯಾಪ್‌ಟಾಪಿನಲ್ಲಿ ಇನ್ನೂ ಇಮ್ಯಾಕ್ಸ್ 27 ಇಟ್ಟುಕೊಂಡಿದ್ದಾನೆ ಪುಣ್ಯಾತ್ಮ. ಲೋಡ್-ಲೈಬ್ರರಿ ಕೊಡು, ಡಬ್ಲ್ಯೂಎಸ್-ಮೋಡ್ ಅಂತ ಹೊಡಿ, ಆಮೇಲೆ ವರ್ಡ್‌ಸ್ಟಾರ್-ಮೋಡ್ ಅನ್ನು ಅಂದೆ. 'ಡೆಪ್ರಿಕೇಟೆಡ್' ಅಂತ ಕೆಳಗೆ ಬಂತಂತೆ, ಅದನ್ನ ಓದಿಯೂ ಹೇಳಿದ. ಆಮೇಲೆ ಸ್ವಲ್ಪ ಹೊತ್ತು ಕೀಲಿ ಸದ್ದು ಮಾತ್ರ. "ಬೆರಳಿಗೆ ನೆನಪೈತಿ ನೋಡಲೇ" ಅಂದ. ಅವನ ದನಿ ಕೇಳಿ ನನಗೂ ಒಂದು ಕ್ಷಣ ಆ ಎಸಿ ರೂಮು, ಬಾಗಿಲ ಹತ್ತಿರದ ಚಪ್ಪಲಿ ಸಾಲು ಕಣ್ಮುಂದೆ ಬಂತು, ಸುಳ್ಳು ಯಾಕೆ ಹೇಳಲಿ.

ಹತ್ತು ನಿಮಿಷಕ್ಕೆ ಮತ್ತೆ ಫೋನು.

"ಲೇ, ಇದರಿಂದ ಹೊರಗೆ ಬರೋದು ಹೆಂಗೆ? ಇಮ್ಯಾಕ್ಸ್ ಮುಚ್ಚೋ ಕಂಟ್ರೋಲ್ ಎಕ್ಸ್, ಕಂಟ್ರೋಲ್ ಸಿ ಒತ್ತಿದ್ರೆ ಬರೀ ಕೆಳಕ್ಕೇ ಹೊಂಟೈತಿ!"