ಚೀ ನಂಬದೆಯೂ ಚಿಗಾಂಗ್

ಉಸಿರಿನ ಜೊತೆ ನಿಧಾನವಾಗಿ ಮೈ ಆಡಿಸುವ ಚೀನೀ ವ್ಯಾಯಾಮ ಚಿಗಾಂಗ್ ಶುರು ಮಾಡಿ ಒಂದೂವರೆ ವರ್ಷ ಆಯಿತು. ಮೊದಲ ವಾರ ನನಗೇ ನಗು ಬರುತ್ತಿತ್ತು. ನಿಂತಲ್ಲೇ ನಿಂತು ಮೆಲ್ಲಗೆ ಕೈ ಎತ್ತೋದು, ಮೆಲ್ಲಗೆ ಇಳಿಸೋದು. ಬೆವರೂ ಇಲ್ಲ, ಏದುಸಿರೂ ಇಲ್ಲ. ಇದೂ ಒಂದು ವ್ಯಾಯಾಮವಾ ಅನ್ನಿಸಿತ್ತು.

ಆ ಉಡಾಫೆಯನ್ನು ಇಳಿಸಿದ್ದು ‘ಜಾನ್ ಜ್ವಾಂಗ್’. ಮರದ ಹಾಗೆ ನಿಲ್ಲೋದು. ಮಂಡಿ ಸ್ವಲ್ಪ ಸಡಿಲ ಬಿಟ್ಟು, ದೊಡ್ಡ ಚೆಂಡು ತಬ್ಬಿಕೊಂಡ ಹಾಗೆ ಕೈಗಳನ್ನು ಎದೆಯ ಮುಂದೆ ಹಿಡಿದು ಸುಮ್ನೆ ನಿಲ್ಲಬೇಕು, ಅಷ್ಟೇ. ಮೂರನೇ ನಿಮಿಷಕ್ಕೆ ತೊಡೆ ನಡುಗಿತು. ನನ್ನ ಹೆಗಲು ಇಡೀ ದಿನ ಕಿವಿಯ ಕಡೆ ಏರಿಕೊಂಡೇ ಇರುತ್ತದೆ ಅಂತ ಗೊತ್ತಾಗಿದ್ದೂ ಆಗಲೇ.

ಈಗ ದಿನಾ ಮಾಡುವುದು ‘ಬಾದುವಾನ್‌ಜಿನ್’. ಅಂದರೆ ಎಂಟು ತುಂಡು ಜರತಾರಿ ರೇಷ್ಮೆ. ಎಂಟು ಚಲನೆ, ಹದಿನೈದು ನಿಮಿಷ. ಮೊದಲನೆಯದರಲ್ಲಿ ಎರಡೂ ಕೈಯಿಂದ ಆಕಾಶ ಎತ್ತಿ ಹಿಡಿಯಬೇಕು, ಎರಡನೆಯದರಲ್ಲಿ ಬಿಲ್ಲು ಎಳೆಯಬೇಕು. ಕೊನೆಯಲ್ಲಿ ತುದಿಗಾಲಲ್ಲಿ ಎದ್ದು ಏಳು ಸಲ ಹಿಮ್ಮಡಿಯನ್ನು ನೆಲಕ್ಕೆ ಬಿಡಬೇಕು. ನನಗೆ ಅದೇ ಅಚ್ಚುಮೆಚ್ಚು, ಮಕ್ಕಳ ಆಟದ ಹಾಗಿದೆ.

ಇದನ್ನು ‘ಸಾವಿರಾರು ವರ್ಷಗಳ ಗುಟ್ಟು’ ಅಂತ ಮಾರುವವರನ್ನು ಕಂಡರೆ ಮಾತ್ರ ನನಗೆ ರೇಗುತ್ತದೆ. ಹಳೆಯದು ಹೌದು. ಚೀನಾದ ಚಾಂಗ್‌ಶಾ ಬಳಿಯ ಮಾವಾಂಗ್‌ದುಯಿಯಲ್ಲಿ ಕ್ರಿ.ಪೂ. 168ರ ಸಮಾಧಿಯೊಂದನ್ನು 1973ರಲ್ಲಿ ಅಗೆದಾಗ, ವ್ಯಾಯಾಮ ಮಾಡುತ್ತಿರುವ 44 ಜನರ ಚಿತ್ರವಿದ್ದ ರೇಷ್ಮೆ ಬಟ್ಟೆ ಸಿಕ್ಕಿತು. ಅದರಲ್ಲಿ ಹೆಂಗಸರೂ ಇದ್ದಾರೆ. ಆದರೆ ಇಂಥ ಅಭ್ಯಾಸಗಳಿಗೆಲ್ಲ ಒಟ್ಟಾಗಿ ‘ಚಿಗಾಂಗ್’ ಅನ್ನುವ ಹೆಸರು ಚಾಲ್ತಿಗೆ ಬಂದದ್ದು 1950ರ ದಶಕದಲ್ಲಿ. ಲಿಯು ಗುಯಿಜೆನ್ ಅನ್ನುವವರು ಆರೋಗ್ಯಧಾಮಗಳಲ್ಲಿ ರೋಗಿಗಳಿಗೆ ಇದನ್ನು ಕಲಿಸಿದರು. 80ರ ದಶಕದಲ್ಲಿ ಚೀನಾದಲ್ಲಿ ಇದರ ಹುಚ್ಚೇ ಹತ್ತಿತ್ತು. ದೂರದಲ್ಲಿ ಕೂತೇ ‘ಚೀ’ ಕಳಿಸಿ ಕಾಯಿಲೆ ವಾಸಿ ಮಾಡುತ್ತೇವೆ ಅನ್ನುವ ಗುರುಗಳೂ ಹುಟ್ಟಿಕೊಂಡರು.

ಚೀ ಅಂದರೆ ಉಸಿರು, ಪ್ರಾಣಶಕ್ತಿ. ಗಾಂಗ್ ಅಂದರೆ ದುಡಿದು ಗಳಿಸುವ ಪರಿಣತಿ. ನನಗೆ ಎರಡನೆಯದರ ಮೇಲೆ ನಂಬಿಕೆ ಜಾಸ್ತಿ. ಬೆರಳ ತುದಿ ಬೆಚ್ಚಗಾಗುತ್ತದೆ, ಜುಮ್ ಅನ್ನುತ್ತದೆ, ನಿಜ. ನಿಧಾನವಾಗಿ ಉಸಿರಾಡುತ್ತಾ ಮೈ ಸಡಿಲ ಬಿಟ್ಟರೆ ಕೈಗೆ ರಕ್ತ ಚೆನ್ನಾಗಿ ಹರಿಯುತ್ತದೆ. ಅದಕ್ಕೆ ಪವಾಡ ಯಾಕೆ ಬೇಕು? ವಯಸ್ಸಾದವರ ಸಮತೋಲನ, ನಿದ್ದೆ, ರಕ್ತದೊತ್ತಡಕ್ಕೆ ಸ್ವಲ್ಪ ಅನುಕೂಲ ಅಂತ ಅಧ್ಯಯನಗಳು ಹೇಳುತ್ತವೆ. ಅವುಗಳಲ್ಲಿ ಸುಮಾರು ಸಣ್ಣ ಅಧ್ಯಯನಗಳೇ. ಹಾಗಾಗಿ ಇದನ್ನು ನಂಬಿ ಬಿಪಿ ಮಾತ್ರೆ ಬಿಡಬೇಡಿ.

ನನಗಂತೂ ಕುತ್ತಿಗೆ ನೋವು ಕಡಿಮೆಯಾಗಿದೆ. ಆ ಹದಿನೈದು ನಿಮಿಷ ಫೋನ್ ಕೈಯಲ್ಲಿ ಇರಲ್ಲ, ಅದರ ಫಲವೂ ಇರಬಹುದು ಅಲ್ವಾ?

ಶುರು ಮಾಡುವವರಿಗೆ ಒಂದು ಮಾತು. ಮಂಡಿ ನೋವಿದ್ದರೆ ಬಿಲ್ಲು ಎಳೆಯುವಾಗ ಜಾಸ್ತಿ ಕೆಳಗೆ ಕೂರಬೇಡಿ, ಉಸಿರು ಕಟ್ಟಬೇಡಿ. ಕುರ್ಚಿಯಲ್ಲಿ ಕೂತೂ ಮಾಡಬಹುದು. ಐದನೇ ಚಲನೆಗೆ ‘ತಲೆ ತೂಗಿ ಬಾಲ ಬೀಸು’ ಅಂತ ಹೆಸರು. ತಲೆ ಹೇಗೋ ತೂಗುತ್ತೇನೆ. ಬಾಲ ಮಾತ್ರ ಇನ್ನೂ ಸಿಕ್ಕಿಲ್ಲ.